ಬಂದರಿನಲ್ಲಿ ಸುಮ್ಮನೆ ನಡೆಯುವವರು

ಊರು ಸುತ್ತಿ ಬರೆಯುವ ಗದ್ಯಕ್ಕೆ ಕನ್ನಡದಲ್ಲಿ ಒಂದು ಗೌರವ ಇದೆ. ಹೆಗಲಿಗೆ ಚೀಲ ಹಾಕಿಕೊಂಡು ಹಳೇ ಬೀದಿಗಳಲ್ಲಿ ಅಲೆದು, ಹಂಚಿನ ಮಾಡು, ಮರದ ಕಂಬ, ಮೀನಿನ ವಾಸನೆ ಇವನ್ನೆಲ್ಲ ಬರೆದರೆ ಅದು ಸಂವೇದನಾಶೀಲ ಬರಹ ಅನ್ನಿಸಿಕೊಳ್ಳುತ್ತದೆ. ಇಂಥ ಬರಹದ ಶೈಲಿ ಎಂಥದು ಎಂದು ನಮ್ಮ ವಿಮರ್ಶೆ ಕೇಳಿದೆ. ಅದರ ಕಾಲು ಯಾರದು ಎಂದು ಕೇಳಿದ್ದು ಕಡಿಮೆ. ಯಾವ ಕೆಲಸವೂ ಇಲ್ಲದೆ, ಯಾರಿಗೂ ಉತ್ತರ ಕೊಡಬೇಕಾಗಿಲ್ಲದೆ ಒಂದು ಬೀದಿಯಲ್ಲಿ ನಡೆಯುವುದು ಈ ದೇಶದಲ್ಲಿ ಎಲ್ಲರಿಗೂ ಸಿಕ್ಕ ಸುಖವಲ್ಲ. 1924ರಲ್ಲಿ ವೈಕಂನಲ್ಲಿ ನಡೆದ ಹೋರಾಟ ಗುಡಿಯ ಸುತ್ತಲ ರಸ್ತೆಗಾಗಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದಲ್ಲಿ ಚವದಾರ್ ಕೆರೆಗೆ ನಡೆದದ್ದೂ ಒಂದು ನಡಿಗೆಯೇ. ಮಹಾಡವೂ ಸಾವಿತ್ರಿ ನದಿಯ ಮೇಲಿನ ಹಳೇ ಬಂದರು ಎಂಬುದನ್ನು ನಾವು ನೆನೆಯುವುದಿಲ್ಲ.

ನಾನು ಬೀದರ ಕಡೆಯ ಮನ್ನಳ್ಳಿಯವನು. ನಮಗೆ ನಡಿಗೆ ಅಂದರೆ ಮೊದಲು ನೆನಪಾಗುವುದು ಹರಳಯ್ಯ. ತನ್ನ ತೊಡೆಯ ಚರ್ಮ, ಹೆಂಡತಿ ಕಲ್ಯಾಣಮ್ಮನ ತೊಡೆಯ ಚರ್ಮ ಸೇರಿಸಿ ಬಸವಣ್ಣನಿಗೆ ಚಮ್ಮಾವುಗೆ ಮಾಡಿದ ಸಮಗಾರ. ಅದೇ ಹರಳಯ್ಯ ತನ್ನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ತಂದುಕೊಂಡಾಗ ಕಲ್ಯಾಣದ ಬೀದಿಯಲ್ಲಿ ಎಳೆಹೂಟೆ ಕಟ್ಟಿ ಎಳೆಸಿ ಕೊಂದರು ಅಂತ ಕಥೆ ಹೇಳುತ್ತದೆ. ಬೀದಿಯನ್ನು ಚೆಲುವಿನ ಜಾಗ ಅಂದಾಗ ನನಗೆ ಎರಡು ಸಲ ಯೋಚನೆ ಬರುವುದು ಇದಕ್ಕೇ.

ಕಡಲು ನಮಗೆ ದೂರ. ಆದರೆ ಬಂದರು ಅಷ್ಟು ದೂರ ಅಲ್ಲ. ಹದಿನೈದನೇ ಶತಮಾನದಲ್ಲಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಲು ಒಂದು ಕುದುರೆ ಹಿಡಿದುಕೊಂಡು ಚೌಲ್ ಬಂದರಿಗೆ ಇಳಿದ, ಅಲ್ಲಿಂದ ಜುನ್ನರ್ ದಾರಿಯಾಗಿ ಬೀದರಿಗೆ ಬಂದ. ಸರದಾರರನ್ನು ಬೆಳ್ಳಿಯ ಪಲ್ಲಕ್ಕಿಯಲ್ಲಿ ಹೊರುತ್ತಿದ್ದುದನ್ನೂ ಹಳ್ಳಿಯ ಜನ ತೀರ ಬಡವರಾಗಿದ್ದುದನ್ನೂ ಆತ ಬರೆದಿಟ್ಟ. ಪಲ್ಲಕ್ಕಿ ಹೊತ್ತವರ ಹೆಸರು ಬರೆಯಲಿಲ್ಲ. ಬೀದರಿಗೆ ಬರುವವರು ಗವಾನನ ಮದರಸಾದ ಬಣ್ಣದ ಹಂಚು ನೋಡಿ ಹೋಗುತ್ತಾರೆ. ನಾನೂ ಮಂಗಳೂರಿಗೆ ಹೋದಾಗ ಹಾಗೇ ಹೋದೆ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಇಳಿದರೆ ಬಂದರು. ನೆಲ್ಲಿಕಾಯಿ ರಸ್ತೆ, ಅಜೀಜುದ್ದೀನ್ ರಸ್ತೆ, ಝೀನತ್ ಬಕ್ಷ್ ಮಸೀದಿ. ಸಗಟು ಅಂಗಡಿಗಳ ಮುಂದೆ ಅಕ್ಕಿ, ಮೆಣಸಿನಕಾಯಿ, ಬೆಲ್ಲದ ವಾಸನೆ. ಮುಂದೆ ಧಕ್ಕೆ. ಗುರುಪುರ, ನೇತ್ರಾವತಿ ಎರಡೂ ಕೂಡಿ ಕಡಲಿಗೆ ಹೋಗುವ ಅಳಿವೆಯ ಒಳಗೆ ಈ ಹಳೇ ಬಂದರು. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರು ಶುರುವಾದ ಮೇಲೆ ದೊಡ್ಡ ಹಡಗು ಅತ್ತ ಹೋದವು. ಇಲ್ಲಿ ಉಳಿದದ್ದು ಮೀನಿನ ದೋಣಿ, ಲಕ್ಷದ್ವೀಪಕ್ಕೆ ದಿನಸಿ, ಜಲ್ಲಿ, ಸಿಮೆಂಟು ಒಯ್ಯುವ ಮಂಜಿಗಳು, ಬೆಂಗ್ರೆಗೆ ದಾಟಿಸುವ ದೋಣಿ. 2016ರ ಸೆಪ್ಟೆಂಬರಿನಲ್ಲಿ ಮಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆ ಯೋಜನೆಯ ಅವಧಿ 2025ರ ಮಾರ್ಚಿಗೆ ಮುಗಿಯಿತು. ನದಿ ದಂಡೆಯಲ್ಲಿ ನಡೆಯುವ ದಾರಿ ಅದರದೇ ಕನಸು. ಕೂರುವ ಕಟ್ಟೆ, ದೀಪದ ಕಂಬ, ಸಂಜೆಯ ಗಾಳಿ. ಚೆನ್ನಾಗಿಯೇ ಇರುತ್ತದೆ, ಸುಳ್ಳು ಹೇಳಬಾರದು.

ಧಕ್ಕೆಯ ಹತ್ತಿರ ಮೂಟೆ ಇಳಿಸಿ ಬೀಡಿ ಹಚ್ಚಿಕೊಂಡು ಕೂತಿದ್ದ ಹಮಾಲರೊಬ್ಬರು ಕೇಳಿದರು: "ಏನ್ ನೋಡಾಕತ್ತೀರಿ ಸರ?"

"ಸುಮ್ನ ನೋಡ್ಲತ್ತೀನಿ ಅಣ್ಣಾ."

ನನ್ನ 'ನೋಡ್ಲತ್ತೀನಿ' ಕೇಳಿದ್ದೇ ತಡ, ಅವರ ಮುಖ ಬದಲಾಯಿತು. "ಬೀದರ, ಗುಲಬರ್ಗಾ ಕಡಿಯವ್ರೇನ್ರಿ? ನಾವು ಕುಷ್ಟಗಿ ಕಡಿ." ಆಮೇಲೆ ಊರು ಕೇಳಿದರು. ಹೇಳಿದೆ. "ಊರಾಗ ಎಲ್ಲಿ?" ಅಂದರು. ಈ ಪ್ರಶ್ನೆ ಏನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. "ಅಂಬೇಡ್ಕರ್ ಓಣಿ" ಅಂದೆ. ಅವರು ನಕ್ಕು, ಮೂಟೆಯ ಮೇಲಿದ್ದ ಟವೆಲ್ ಸರಿಸಿ ಕೂರಲು ಜಾಗ ಕೊಟ್ಟರು. ನದಿ ದಂಡೆಯ ದಾರಿಗೆ ಹೋಗುತ್ತೀರಾ ಅಂತ ಕೇಳಿದೆ. "ಹೋಗಬೇಕಂದ್ರ ಮೈ ತೊಳ್ಕೊಂಡು ಅಂಗಿ ಬದಲಿಸಬೇಕ್ರಿ. ಹಿಂಗೇ ಹೋದ್ರ ಮಂದಿ ಸರದು ಕೂಡತಾರ."

ಸರಿದು ಕೂರುವುದು. ನಮ್ಮ ಹಳ್ಳಿಯಲ್ಲಿ ಅದಕ್ಕೆ ಜಾತಿ ಅನ್ನುತ್ತೇವೆ, ಇಲ್ಲಿ ಅದಕ್ಕೆ ಬೆವರಿನ ವಾಸನೆ ಅನ್ನುವ ಹೆಸರು.

ಅಲ್ಲಿ ಕೂತಾಗ ತಲೆಯಲ್ಲಿ ಬಂದದ್ದು 'ಚೋಮನ ದುಡಿ'. ಅದನ್ನು ತರಗತಿಯಲ್ಲಿ ಪಾಠ ಮಾಡಿದವನು ನಾನು. 1933ರ ಕಾದಂಬರಿ. ನಮ್ಮ ವಿಮರ್ಶೆ ಅದನ್ನು ಭೂಮಿಯ ಕಥೆ ಎಂದು ಓದಿದೆ: ಬೇಸಾಯ ಮಾಡಬೇಕೆಂಬ ಹೊಲೆಯನ ಆಸೆ, ಅದು ಈಡೇರದ ದುಃಖ. ಸರಿಯೇ. ಆದರೆ ಕಾದಂಬರಿಯಲ್ಲಿ ಇನ್ನೊಂದು ಜಾಗ ಇದೆ. ಸಾಲ ತೀರಿಸಲು ಚೋಮನ ಮಕ್ಕಳು ಹೋಗುವ ಕಾಫಿ ತೋಟ. ಚನಿಯ ಜ್ವರದಿಂದ ಸಾಯುತ್ತಾನೆ, ಗುರುವ ಕ್ರಿಸ್ತಾನಳನ್ನು ಮದುವೆಯಾಗುತ್ತಾನೆ, ಬೆಳ್ಳಿಯ ಮೈಗೆ ಬೆಲೆ ಕಟ್ಟುವುದೂ ಅಲ್ಲಿಯೇ. ಆ ಕಾಫಿ ಎಲ್ಲಿಗೆ ಹೋಯಿತು? ಘಟ್ಟದ ಕಾಫಿ ಇಳಿದು ಬಂದದ್ದು ಮಂಗಳೂರಿಗೆ, ಇಲ್ಲಿ ಹದ ಮಾಡಿ ಹಡಗಿಗೆ ಏರಿಸುತ್ತಿದ್ದರು. ಅಂದರೆ ಚನಿಯನ ಸಾವಿಗೆ ಬಂದರಿನ ತನಕ ದಾರಿ ಇದೆ. ಕಾರಂತರು ಆ ದಾರಿಯನ್ನು ತೋಟದಲ್ಲೇ ನಿಲ್ಲಿಸುತ್ತಾರೆ. ಕಾದಂಬರಿಗೆ ಬಂದರು ಬೇಕಾಗಲಿಲ್ಲ, ಯಾಕೆಂದರೆ ಅದರ ಕಣ್ಣಿರುವುದು ಧಣಿ ಸಂಕಪ್ಪಯ್ಯನ ಅಂಗಳ ಮತ್ತು ಚೋಮನ ಗುಡಿಸಲಿನ ನಡುವೆ. ಧಣಿಯ ಮನಸ್ಸು ಕರಗಿದ್ದರೆ ಚೋಮ ಉಳಿಯುತ್ತಿದ್ದ ಎಂಬ ಭಾವ ಹುಟ್ಟುವುದು ಹೀಗೆ. ಬಂದರನ್ನು ಸೇರಿಸಿ ಓದಿದರೆ ಧಣಿ ಸಣ್ಣವನಾಗುತ್ತಾನೆ, ಸಾಲ ದೊಡ್ಡದಾಗುತ್ತದೆ. ಕಾರಂತರ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನ ಇಲ್ಲ. ಅವರ ನಕ್ಷೆಯ ಬಗ್ಗೆ ತಕರಾರು ಇದೆ.

ಕೊರಗರ ಮಾತನ್ನು ಇಲ್ಲಿ ಬಿಟ್ಟರೆ ತಪ್ಪಾಗುತ್ತದೆ. ಸರ್ಕಾರದ ಪಟ್ಟಿಯಲ್ಲಿ ಅವರು ಬುಡಕಟ್ಟು, ಊರಿನ ನಡವಳಿಕೆಯಲ್ಲಿ ಅಸ್ಪೃಶ್ಯರು. ರಸ್ತೆ ಮೈಲಿಗೆಯಾಗಬಾರದೆಂದು ಉಗುಳಲು ಕೊರಳಿಗೆ ಕುಡಿಕೆ ಕಟ್ಟಿಕೊಂಡು ಓಡಾಡಬೇಕಾಗಿದ್ದ ಜನ. ಬುಟ್ಟಿ ನೇಯ್ದರು, ನಗರದ ಕಸ ಬಾಚಿದರು. ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸುವುದನ್ನೂ ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದನ್ನೂ ನಿಲ್ಲಿಸಲು 2000ದಲ್ಲಿ ಅಜಲು ನಿಷೇಧದ ಕಾಯ್ದೆ ತರಬೇಕಾಯಿತು. ಇಸವಿಯನ್ನು ಇನ್ನೊಮ್ಮೆ ನೋಡಿ. ಅದೇ ಊರಿನಲ್ಲಿ ಬೆಳಗಿನ ವಾಕಿಂಗ್ ಬಗ್ಗೆ ಬರೆಯುವಾಗ, ಓಡಿಸಲ್ಪಟ್ಟ ಆ ಕಾಲುಗಳನ್ನು ಯಾವ ಅಧ್ಯಾಯಕ್ಕೆ ಹಾಕುವುದು?

ಕುದ್ಮಲ್ ರಂಗರಾಯರು 1897ರಲ್ಲಿ ಇಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ತಮ್ಮ ಶಾಲೆಯಲ್ಲಿ ಓದಿದ ಹುಡುಗ ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಎದ್ದ ಧೂಳು ತಮ್ಮ ತಲೆಗೆ ತಾಗಲಿ ಎಂದು ಅವರು ಬಯಸಿದ್ದು ಎಲ್ಲರಿಗೂ ಗೊತ್ತು. ಆ ಮಾತಿಗೆ ನಾನು ತಲೆಬಾಗುತ್ತೇನೆ. ಆದರೂ ಕೇಳಬೇಕು. ಆ ಕನಸಿನಲ್ಲಿ ಧೂಳು ಬೀಳುವ ತಲೆಗೆ ಹೆಸರಿದೆ, ಕಾರಿನಲ್ಲಿ ಕೂತ ಹುಡುಗನಿಗೆ ಇಲ್ಲ. ಜೊತೆಗೆ, ಕಾರು ಹತ್ತದೆ ಉಳಿದವರು ಯಾವ ರಸ್ತೆಯಲ್ಲಿ ನಡೆಯಬೇಕು?

ನಮ್ಮವರ ಬರಹದ ಮೇಲೂ ಒಂದು ದೂರು ಇದೆ. ಭಾಲ್ಕಿ, ಔರಾದ ಕಡೆ ಮರಾಠಿ ಓದುವವರು ಬಹಳ. 1972ರಲ್ಲಿ ಬಂದ ನಾಮದೇವ ಢಸಾಳರ 'ಗೋಲಪೀಠ' ಮುಂಬಯಿಯ ಒಡಲಿನಲ್ಲೇ ಹುಟ್ಟಿತು. ಮರಾಠಿ ದಲಿತ ಕಾವ್ಯಕ್ಕೆ ನಗರದ ಸಂದಿಗೊಂದಿ ಮೊದಲಿನಿಂದ ಗೊತ್ತು. ಕನ್ನಡದ ದಲಿತ ಸಾಹಿತ್ಯ ಬಹುಪಾಲು ಕೇರಿಯ ನೆನಪಿನಲ್ಲಿ ನಿಂತಿದೆ. ಕೇರಿ ಬಿಟ್ಟವನು ಬರೆಯಲು ಕೂತರೆ ಮತ್ತೆ ಕೇರಿಗೇ ಹೋಗುತ್ತಾನೆ. ಅವನು ದುಡಿಯುವ ಗೋಡೌನು, ಧಕ್ಕೆ, ಶೆಡ್ಡು ಬರಹಕ್ಕೆ ಬರುವುದು ಅಪರೂಪ. ಅವ್ವನ ಬಗ್ಗೆ ನಾವು ಬರೆದಷ್ಟು ಹಮಾಲಿ ಕೂಲಿಯ ಬಗ್ಗೆ ಬರೆದಿಲ್ಲ. ಇದನ್ನು ಹೇಳಿದರೆ ಗೆಳೆಯರು ಸಿಟ್ಟಾಗುತ್ತಾರೆ. ಆಗಲಿ.

ಸಂಜೆ ಬೆಂಗ್ರೆ ದೋಣಿಯಲ್ಲಿ ನದಿ ದಾಟಿ, ತಿರುಗಿ ಬಂದಾಗ ಆ ಅಣ್ಣ ಇರಲಿಲ್ಲ. ಫೋನಿನಲ್ಲಿ ಆ ದಿನ ತೆಗೆದ ಚಿತ್ರ ನೋಡಿದೆ. ಹಂಚಿನ ಮಾಡು, ಮರದ ಬಾಗಿಲು, ದೋಣಿಯ ಬಣ್ಣದ ಮೂತಿ. ಅವರದೊಂದೂ ಇಲ್ಲ. ಹೆಸರನ್ನೂ ಕೇಳಿರಲಿಲ್ಲ. 'ಚೋಮನ ದುಡಿ' ಪಾಠದ ದಿನ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಗುರುವ ಮುಂದ ಏನಾದ?" ಅಂತ ಕೇಳಿದ್ದ. ಪರೀಕ್ಷೆಗೆ ಅದು ಬರುವುದಿಲ್ಲ, ಕೂಡು ಅಂದಿದ್ದೆ. ಸೋಮವಾರ ಅವನನ್ನು ಎಬ್ಬಿಸಿ, ನೀನೇ ಬರೆದುಕೊಂಡು ಬಾ ಅನ್ನಬೇಕು.