ನಾದಿರಾಳ ಮನೆ ಯಾವುದು?

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ 1981ರಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದ ಕಾದಂಬರಿ. ತಲಾಖಿನ ದುರಂತವೆಂದೇ ಅದನ್ನು ನಾವು ಬಹುಮಟ್ಟಿಗೆ ಓದಿಕೊಂಡು ಬಂದಿದ್ದೇವೆ. ಈಚೆಗೆ ಕೈಲಾಂಚದಲ್ಲಿ ಕುಳಿತು ಮತ್ತೊಮ್ಮೆ ಓದಿದಾಗ ನನಗೆ ಎದ್ದು ಕಂಡದ್ದು ಮನೆಯಿಲ್ಲದ ಹೆಣ್ಣಿನ ಪಾಡು.

ನಾದಿರಾ, ರಶೀದ್ ಒಬ್ಬರನ್ನೊಬ್ಬರು ಒಲಿದವರು. ಕೇಳಿದ ಹಣ ಕೊಡಲಿಲ್ಲವೆಂಬ ಹಗೆಯಿಂದ ತಂದೆ ಮಹಮ್ಮದ್ ಖಾನ್ ಮಗಳನ್ನು ತವರಿನಲ್ಲೇ ತಡೆದು ತಲಾಖ್ ಕೊಡಿಸುತ್ತಾನೆ. ತವರು ತಂದೆಯದು, ಆ ಮನೆ ಗಂಡನದು. ತನ್ನದೆನ್ನಲು ಅವಳಿಗೆ ಒಂದು ಹೊಸ್ತಿಲೂ ಇಲ್ಲ. ಕಡೆಗೆ ಅವಳನ್ನು ಒಳಗೊಳ್ಳುವುದು ಮಸೀದಿಯ ಕೊಳ.

ಧರ್ಮಶಾಸ್ತ್ರ ಹೆಣ್ಣಿಗೆ ಆಸ್ತಿಯನ್ನು ನಿರಾಕರಿಸಿದೆಯೆ? ಇಲ್ಲ. ಗಂಡುಮಗನ ಪಾಲಿನ ಅರ್ಧ ಮಗಳಿಗುಂಟು. ಮಕ್ಕಳಿರುವ ವಿಧವೆಗೆ ಎಂಟರಲ್ಲೊಂದು ಪಾಲುಂಟು. ಮಹರ್ ಪೂರ್ತಿ ಹೆಂಡತಿಯದೇ. ಆದರೆ ಪಾಲು ಕೈಸೇರುವುದು ತಂದೆ ಅಥವಾ ಗಂಡ ಸತ್ತ ಮೇಲೆ. ಇಬ್ಬರೂ ಬದುಕಿರುವಾಗಲೇ ಬೀದಿಗೆ ಬಿದ್ದವಳಿಗೆ ಆ ಪಾಲು ನೆರಳಾಗಲಾರದು.

ತಂದೆಯ ಕ್ರೌರ್ಯವನ್ನು ಲೇಖಕಿ ಎಷ್ಟು ಗಾಢವಾಗಿ ಬರೆದಿದ್ದಾರೆಂದರೆ, ಅವನು ಒಳ್ಳೆಯವನಾಗಿದ್ದರೆ ಎಲ್ಲವೂ ನೆಟ್ಟಗಾಗುತ್ತಿತ್ತೆಂಬ ಭಾವನೆ ಹುಟ್ಟುತ್ತದೆ. ಕೃತಿಯ ಮಿತಿ ಇದು. ಅದನ್ನು ಸ್ವಲ್ಪಮಟ್ಟಿಗೆ ತಿದ್ದುವವಳು ತಾಯಿ. ಜೀವಮಾನವೆಲ್ಲ ಆ ಮನೆಯಲ್ಲಿ ಸವೆದರೂ ಮಗಳ ಪರವಾಗಿ ನಡೆಯುವಂಥ ಒಂದು ಮಾತು ಅವಳಿಗಿಲ್ಲ.

2019ರ ಕಾನೂನು ಒಂದೇ ಉಸಿರಿನ ತಲಾಖನ್ನು ಅನೂರ್ಜಿತಗೊಳಿಸಿತು. ಬಿಟ್ಟುಬಂದವಳು ಆ ರಾತ್ರಿ ಎಲ್ಲಿ ಮಲಗಬೇಕು? ಈ ಪ್ರಶ್ನೆ ಉಳಿದಿರುವವರೆಗೆ ಕಾದಂಬರಿಯೂ ಹಳತಾಗದು.