ರೈಲುದಾರಿಯ ಊರೂ ಒಂದು ಕಾದಂಬರಿಯೂ

ಒಂದು ಊರಿನ ಜನರನ್ನು ಜನಗಣತಿ ಒಂದು ಬಗೆಯಾಗಿ ಎಣಿಸಿದರೆ ಕಾದಂಬರಿ ಇನ್ನೊಂದು ಬಗೆಯಾಗಿ ಎಣಿಸುತ್ತದೆ. ಅಮೆರಿಕದ ನೆಬ್ರಾಸ್ಕ ರಾಜ್ಯದ ರೆಡ್ ಕ್ಲೌಡ್ ಎಂಬ ಚಿಕ್ಕ ಊರಿನಲ್ಲಿ ಈ ಎರಡು ಲೆಕ್ಕಗಳನ್ನೂ ನಾವು ಒಟ್ಟಿಗೆ ನೋಡಬಹುದು. ಕಾದಂಬರಿಕಾರ್ತಿ ವಿಲ್ಲಾ ಕ್ಯಾದರ್ (1873–1947) ಬೆಳೆದ ಊರಿದು. 1918ರಲ್ಲಿ ಪ್ರಕಟವಾದ ಅವರ 'ಮೈ ಆಂಟೊನಿಯ' ಕೃತಿಯಲ್ಲಿ ಇದೇ ಊರು 'ಬ್ಲ್ಯಾಕ್ ಹಾಕ್' ಎಂಬ ಹೆಸರು ತಳೆದಿದೆ.

ಊರು ಹುಟ್ಟಿದ್ದು 1870ರ ಸುಮಾರಿಗೆ. 1879ರಲ್ಲಿ ಬರ್ಲಿಂಗ್ಟನ್ ರೈಲು ಅಲ್ಲಿಗೆ ಬಂದಿತು. ಸರಕಾರದಿಂದ ದೊರೆತ ಭೂಮಿಯನ್ನು ಮಾರಲು ರೈಲು ಕಂಪೆನಿಯವರು ಯೂರೋಪಿನವರೆಗೂ ಜಾಹೀರಾತು ಹರಡಿದರು. ಬೊಹೀಮಿಯ, ಸ್ವೀಡನ್, ನಾರ್ವೆ, ಜರ್ಮನಿಗಳಿಂದ ಒಕ್ಕಲು ಕುಟುಂಬಗಳು ಆ ಸೀಮೆಗೆ ಬಂದಿಳಿದವು. 1890ರಲ್ಲಿ ಊರಿನ ಜನಸಂಖ್ಯೆ 1,800ನ್ನು ಮೀರಿತ್ತು. 2010ರಲ್ಲಿ ಅದು 1,020. 2020ರಲ್ಲಿ ಸಾವಿರಕ್ಕೂ ಕಡಮೆ. ಊರಿನ ಏಳುಬೀಳುಗಳನ್ನು ಹೇಳಲು ಈ ಅಂಕಿಗಳು ಸಾಕು. ಆ ಜನ ಒಬ್ಬರನ್ನೊಬ್ಬರು ಹೇಗೆ ಕಂಡರೆಂಬುದನ್ನು ಹೇಳಲು ಸಾಲವು.

ಕ್ಯಾದರ್ ಅವರ ಹಿರಿಮೆ ಇರುವುದು ಇಲ್ಲಿ. ಬೊಹೀಮಿಯದ ಆಂಟೊನಿಯಳೂ ಕಥೆ ಹೇಳುವ ಜಿಮ್ಮನೂ ಒಂದೇ ರೈಲಿನಲ್ಲಿ ಬಂದಿಳಿಯುತ್ತಾರೆ. ಜಿಮ್ ಅಜ್ಜನ ಮನೆ ಸೇರಿ, ವಿದ್ಯಾವಂತನಾಗಿ, ಕೊನೆಗೆ ರೈಲು ಕಂಪೆನಿಯೊಂದರ ವಕೀಲನಾಗುತ್ತಾನೆ. ಆಂಟೊನಿಯಳಾದರೋ ಹೊಲ ಉತ್ತು, ಪಟ್ಟಣದ ಮನೆಗಳಲ್ಲಿ ಚಾಕರಿಗೆ ನಿಲ್ಲುತ್ತಾಳೆ. ದುಡಿದ ಹಣದಿಂದ ತಮ್ಮ ಮನೆಯ ಬೇಸಾಯವನ್ನು ಎತ್ತಿ ನಿಲ್ಲಿಸಿದ ಇಂಥ ಹೆಣ್ಣುಮಕ್ಕಳನ್ನು ಪಟ್ಟಣದ ಗಣ್ಯರು ಇಂಗ್ಲಿಷ್ ಬಾರದ ಪರದೇಶಿಗಳೆಂದು ಕೀಳಾಗಿ ಕಂಡರು. ಅವರನ್ನೇ ಕಥೆಯ ನಡುಮನೆಯಲ್ಲಿ ಕೂರಿಸಿದ ಲೇಖಕಿಯ ಧೈರ್ಯವನ್ನು ನಾವು ಮನಸಾರೆ ಮೆಚ್ಚಬೇಕು.

ಆದರೆ ಈ ಎಣಿಕೆಯೂ ಪೂರ್ಣವಲ್ಲ. ರಿಪಬ್ಲಿಕನ್ ನದಿಯ ಆ ಕಣಿವೆ ಪಾನೀ ಬುಡಕಟ್ಟಿನವರ ನೆಲೆಯಾಗಿತ್ತು. 1870ರ ದಶಕದಲ್ಲಿ ಅವರು ನೆಬ್ರಾಸ್ಕವನ್ನೇ ಬಿಟ್ಟು ಹೋಗಬೇಕಾಯಿತು. ಊರಿಗೆ ಇಟ್ಟ ಹೆಸರಾದರೂ ಅವರದಲ್ಲ. ಅವರ ವೈರಿಗಳಾದ ಲಕೋಟ ಜನರ ನಾಯಕನದು. ಕಾದಂಬರಿಯ ಊರಿಗೆ ಬಂದ ಹೆಸರು ಸೌಕ್ ಎಂಬ ಬೇರೊಂದು ಬುಡಕಟ್ಟಿನ ನಾಯಕನದು. ಆ ನೆಲದ ಮೂಲನಿವಾಸಿಗಳಿಗೆ ಕೃತಿಯಲ್ಲಿ ಮುಖ್ಯವಾಗಿ ದೊರೆತಿರುವುದು ಹುಲ್ಲಿನಲ್ಲಿ ಮಸುಕಾಗಿ ಉಳಿದ ಒಂದು ವೃತ್ತ, ಅವರು ಹಿಂದೆ ಕುದುರೆಯೋಡಿಸಿದ ಜಾಡು. ಎಳೆಯ ಹಿಮ ಬಿದ್ದಾಗ ಅದು ಎದ್ದು ಕಾಣುತ್ತದೆ. ವರ್ಣನೆ ರಮ್ಯವಾಗಿದೆ; ಕುದುರೆಯೇರಿದ್ದವರು ಎಲ್ಲಿಗೆ ಹೋದರೆಂಬ ಪ್ರಶ್ನೆ ಮಾತ್ರ ಏಳುವುದಿಲ್ಲ.

ತಾಯ್ನಾಡನ್ನು ಬಿಟ್ಟು ಬಂದವರ ಅಳಲನ್ನು ಇಷ್ಟು ಚೆನ್ನಾಗಿ ಬಲ್ಲ ಲೇಖನಿ, ಅವರಿಗಾಗಿ ನೆಲೆ ಕಳೆದುಕೊಂಡವರ ವಿಷಯದಲ್ಲಿ ಆ ವೃತ್ತದ ಅಂಚಿನಲ್ಲೇ ನಿಂತುಬಿಟ್ಟಿತು. ಕೃತಿಯನ್ನು ಪ್ರೀತಿಯಿಂದ ಓದುವ ವಾಚಕರು ಈ ಕೊರತೆಯನ್ನೂ ಮನಗಾಣಬೇಕೆಂಬುದು ನಮ್ಮ ಅಭಿಪ್ರಾಯ.