ಬಾಣಂತಿಯ ಸುತ್ತ ಜನ ಇದ್ದರೆ ಸಾಲದು

ಹೆರಿಗೆಯ ನಂತರದ ಖಿನ್ನತೆ ಪಟ್ಟಣದ ಕಾಯಿಲೆ, ಓದಿದ ಹೆಂಗಸರ ಕಾಯಿಲೆ ಎಂಬ ಮಾತು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕೂಡು ಕುಟುಂಬ ಒಡೆಯಿತು, ಬಾಣಂತನ ಬಿಟ್ಟೆವು, ಅದಕ್ಕೇ ಇದೆಲ್ಲ ಬಂತು. ಹಿಂದಿನವರು ಎಂಟು ಹತ್ತು ಹೆತ್ತರೂ ಯಾರಿಗೂ ಏನೂ ಆಗಲಿಲ್ಲ ಎನ್ನುತ್ತಾರೆ. ಹೀಗೆನ್ನುವವರಲ್ಲಿ ಬಹಳ ಜನ ಮಗಳ ಬಾಣಂತನವನ್ನು ಕೈಯಾರೆ ಮಾಡಿದ ತಾಯಂದಿರು. ಅವರ ಶ್ರಮದ ಮೇಲೆ ನನಗೆ ಗೌರವವಿದೆ. ಆದರೂ ಆ ಮಾತು ತಪ್ಪು.

ಹಿಂದೆಯೂ ಆಗುತ್ತಿತ್ತು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು, ಹೆಚ್ಚಾದರೆ ಸನ್ನಿ ಎಂದರು. ಹಸುಗೂಸು ಬಿಟ್ಟು ಬಾವಿಗೆ ಬಿದ್ದವಳ ಕಥೆ ಪಿಸುಮಾತಾಗಿ ಉಳಿಯಿತು.

ಈಗ ಲೆಕ್ಕವೂ ಇದೆ. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಗೋವಾದ ಅಧ್ಯಯನದಲ್ಲಿ, ಹೆತ್ತು ಆರರಿಂದ ಎಂಟು ವಾರವಾದ ತಾಯಂದಿರಲ್ಲಿ ಶೇ. 23ರಷ್ಟು ಮಂದಿಗೆ ಖಿನ್ನತೆಯಿತ್ತು. 2017ರಲ್ಲಿ ದೇಶದ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗಲೂ ಬಂದದ್ದು ಶೇ. 22. ಗೋವಾದಲ್ಲಿ ಕಂಡ ಕಾರಣಗಳು ಯಾವುವು? ಬಡತನ, ಗಂಡನ ಜೊತೆಗಿನ ಕೆಟ್ಟ ಸಂಬಂಧ, ಹುಟ್ಟಿದ್ದು ಹೆಣ್ಣು ಎಂಬ ಬೇಸರ. ಇವೆಲ್ಲ ಮನೆಯೊಳಗೇ ಇರುವಂಥವು. ಮನೆ ದೊಡ್ಡದಾದರೆ ಇವು ಕರಗುತ್ತವೆ ಎಂದು ನಂಬಲು ಆಧಾರವೇನು?

ಬಾಣಂತನ ಬೇಡ ಎಂದು ನಾನು ಹೇಳುತ್ತಿಲ್ಲ. ಎಣ್ಣೆ ನೀರು, ಬಿಸಿಬಿಸಿ ಮೆಣಸಿನ ಸಾರು, ಅಡುಗೆಮನೆಯಿಂದ ಬಿಡುವು, ಹೆತ್ತ ಮೈಗೆ ಇವೆಲ್ಲ ಬೇಕು. ತಿಂಗಳು ತುಂಬುವ ಮೊದಲೇ ಕೂಲಿಗೆ ಹೊರಡುವವಳಿಗೆ ಅದೂ ದಕ್ಕುವುದಿಲ್ಲ. ಆದರೆ ಆ ಬೆಚ್ಚಗಿನ ಕೋಣೆಯಲ್ಲಿ ಬಾಣಂತಿ ಆಡಬಹುದಾದ ಮಾತು ಯಾವುದು? ಹಾಲು ಬರುತ್ತಿದೆಯೇ, ಕೂಸು ಮಲಗಿತೇ, ಹೊಟ್ಟೆ ಕಟ್ಟಿಕೊಂಡೆಯಾ, ಇಷ್ಟೇ. 'ಮಗೂನ ನೋಡಿದರೆ ನನಗೇನೂ ಅನ್ನಿಸ್ತಿಲ್ಲ ಕಣಮ್ಮ' ಎಂದಳೋ, 'ಬಿಡ್ತು ಅನ್ನು' ಎಂಬ ಉತ್ತರ ಸಿದ್ಧವಾಗಿರುತ್ತದೆ. ಅತ್ತರೆ ಹಾಲು ಬತ್ತುತ್ತದೆ ಎಂಬ ಎಚ್ಚರಿಕೆ ಬೇರೆ. ಹತ್ತು ಜನರ ನಡುವೆ ಅವಳು ಬಾಯಿ ಮುಚ್ಚಿಕೊಂಡು ಮಲಗಿರುತ್ತಾಳೆ.

ಇದೇ ಪದ್ಧತಿಯ ಇನ್ನೊಂದು ಫಲವನ್ನು ನಾವು ಗಮನಿಸುವುದೇ ಇಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ. ಮೂರೋ ಐದೋ ತಿಂಗಳು ಗಂಡ ಭಾನುವಾರದ ನೆಂಟ. ಕೂಸನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ, ಅತ್ತರೆ ಹಿಂದಿರುಗಿಸುತ್ತಾನೆ. ತೊಟ್ಟಿಲಿನೊಂದಿಗೆ ಅವಳು ವಾಪಸು ಬರುವಾಗ ಮಗುವಿನ ಹಸಿವು, ನಿದ್ದೆ, ಗ್ರೈಪ್ ವಾಟರ್, ಮುಂದಿನ ಲಸಿಕೆಯ ತಾರೀಕು ಎಲ್ಲ ಅವಳೊಬ್ಬಳ ತಲೆಯಲ್ಲಿ. ಆಮೇಲೆ ಶಾಲೆ, ಜ್ವರ, ಟಿಫಿನ್ ಡಬ್ಬಿ ಎಲ್ಲವೂ ಅದರ ಮೇಲೆಯೇ ಪೇರಿಕೊಳ್ಳುತ್ತಾ ಹೋಗುತ್ತವೆ. 'ಏನು ಮಾಡಬೇಕು ಹೇಳು, ಮಾಡ್ತೀನಿ' ಎನ್ನುವ ಒಳ್ಳೆಯ ಗಂಡನೂ ನೆನಪಿಡುವ ಕೆಲಸವನ್ನು ಅವಳಿಗೇ ಬಿಟ್ಟಿರುತ್ತಾನೆ.

ಸರ್ಕಾರದ ಗಮನವೂ ಹೆಚ್ಚಾಗಿ ಮೈಯ ಮೇಲೇ. ಆಸ್ಪತ್ರೆ ಹೆರಿಗೆಯಾದರೆ 42 ದಿನಗಳೊಳಗೆ ಆಶಾ ಕಾರ್ಯಕರ್ತೆ ಆರು ಸಲ ಮನೆಗೆ ಬರಬೇಕು. ಕೂಸಿನ ತೂಕ, ಜ್ವರ, ಹೊಕ್ಕುಳು, ತಾಯಿಯ ರಕ್ತಸ್ರಾವ ವಿಚಾರಿಸುತ್ತಾರೆ. ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ಲಸಿಕೆಗೆ ಮಗುವನ್ನು ಕರೆತರುವವಳೂ ಇದೇ ತಾಯಿ. ಲಸಿಕೆಯ ವಿವರ ಬರೆಯುವ 'ತಾಯಿ ಕಾರ್ಡ್' ತುಂಬಿಸಿಕೊಂಡು ಹೊರಟುಬಿಡುತ್ತಾಳೆ. ಅವಳ ಖಿನ್ನತೆಯನ್ನು ಗುರುತಿಸಲು 1987ರಲ್ಲಿ ಎಡಿನ್‌ಬರೊದಲ್ಲಿ ರೂಪಿಸಿದ ಹತ್ತು ಪ್ರಶ್ನೆಗಳ ಪಟ್ಟಿಯೊಂದಿದೆ, ಕನ್ನಡಕ್ಕೂ ಬಂದಿದೆ. ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಕೇಳಲು ಹತ್ತು ನಿಮಿಷವೂ ಬೇಡ.

ಹೇಳಿಕೊಂಡರೆ ಮಗುವನ್ನು ಕಿತ್ತುಕೊಂಡಾರು ಎಂಬ ಭಯ ಅನೇಕರಿಗಿದೆ. ಆದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದಲೇ ತಾಯಿ-ಮಗು ಒಟ್ಟಿಗಿರುವ ಚಿಕಿತ್ಸಾ ಘಟಕವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಇರಬೇಕು. ಆರನೇ ವಾರದ ಲಸಿಕೆಯ ದಿನ ನರ್ಸಮ್ಮ ಆ ಹತ್ತು ಪ್ರಶ್ನೆಗಳನ್ನು ಕೇಳಬೇಕು. ಕೇಳುವಾಗ ಅಮ್ಮ, ಅತ್ತೆ, ಗಂಡ ಮೂವರೂ ಹೊರಗಿರಬೇಕು.